ಗಾಜಿನ ಎಳೆಯಲ್ಲಿ ಕಲ್ಲೊಡೆವ ಬೆಳಕು

ಕಿಡ್ನಿ ಕಲ್ಲಿನ ನೋವು ಎಂಥದ್ದು ಎಂಬುದು ಅನುಭವಿಸಿದವರಿಗೇ ಗೊತ್ತು. ನಮ್ಮ ಭಾವ ಅದನ್ನು ಎರಡು ವರ್ಷ ಅನುಭವಿಸಿದರು. ಬಾರ್ಲಿ ನೀರು, ಬಾಳೆದಿಂಡಿನ ರಸ, ಹುರುಳಿ ಕಟ್ಟು ಎಂದು ಯಾರು ಏನು ಹೇಳಿದರೋ ಅದೆಲ್ಲ ಆಯಿತು. ಕೊನೆಗೊಂದು ರಾತ್ರಿ ಹಾಸಿಗೆಯಲ್ಲಿ ಹೊರಳಾಡಿ ಬೆವೆತು ಹೋದಾಗ ಆಸ್ಪತ್ರೆಗೆ ಸೇರಿಸದೆ ವಿಧಿ ಇರಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು, "ಲೇಸರ್‌ನಿಂದ ಕಲ್ಲು ಪುಡಿ ಮಾಡೋಣ. ಎಲ್ಲೂ ಕೊಯ್ಯುವ ಅಗತ್ಯವಿಲ್ಲ" ಎಂದರು.

ಈ ಮಾತನ್ನು ಭಾವನ ತಂದೆ ನಂಬಲೇ ಇಲ್ಲ. ಅವರಿಗೂ ನಲವತ್ತು ವರ್ಷಗಳ ಹಿಂದೆ ಇದೇ ಕಲ್ಲು ಕಾಡಿತ್ತು. ಆಗ ಪಕ್ಕೆ ಕೊಯ್ದು ಕಲ್ಲು ತೆಗೆದಿದ್ದರು. ಒಂದು ಗೇಣು ಉದ್ದದ ಹೊಲಿಗೆಯ ಗುರುತು ಇಂದಿಗೂ ಅವರ ಮೈಮೇಲಿದೆ. ಮತ್ತೆ ಹೊಲದ ಕೆಲಸಕ್ಕೆ ಇಳಿಯಲು ಮೂರು ತಿಂಗಳು ಹಿಡಿಯಿತಂತೆ. "ಕೊಯ್ಯದೆ ಕಲ್ಲು ಹೆಂಗೆ ಬರ್ತದೆ? ಇದೇನು ಮಂತ್ರವಾ?" ಎಂದು ಅವರು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೇಳುತ್ತಲೇ ಇದ್ದರು.

ಮಂತ್ರವಾಗಿರಲಿಲ್ಲ. ಭಾವ ಮೂರನೆಯ ದಿನ ನಡೆದುಕೊಂಡೇ ಮನೆಗೆ ಬಂದರು. ಬಿಡುಗಡೆಯ ದಿನ ಡಾಕ್ಟರು ಮೇಜಿನ ಮೇಲಿದ್ದ ಪಾರದರ್ಶಕ ಪೊಟ್ಟಣವೊಂದನ್ನು ನಮಗೆ ತೋರಿಸಿದರು. ಅದರೊಳಗೆ ಸುರುಳಿ ಸುತ್ತಿಟ್ಟ, ಮೀನಿನ ಗಾಳದ ದಾರದಂಥ ತೆಳ್ಳಗಿನ ಎಳೆ. "ಇಂಥದೇ ಒಂದು ಎಳೆಯಲ್ಲಿ ಲೇಸರ್ ಬೆಳಕು ಹರಿದು ಹೋಗಿ ಕಲ್ಲು ಒಡೆಯಿತು" ಎಂದರು. ಮೊದಲ ಪಿಯುಸಿ ಓದುತ್ತಿರುವ ಅಕ್ಕನ ಮಗಳು ಸುಮ್ಮನಿರಲಿಲ್ಲ. "ಬೆಳಕು ನೇರವಾಗಿ ಹೋಗುತ್ತದೆ ಅಂತ ನಮ್ಮ ಪುಸ್ತಕದಲ್ಲಿದೆ. ಇಷ್ಟೊಂದು ಸುರುಳಿಯಲ್ಲಿ ಅದು ಹೇಗೆ ತಿರುಗುತ್ತೆ ಡಾಕ್ಟ್ರೇ?" ಎಂದು ಕೇಳಿದಳು.

ಡಾಕ್ಟರು ನಕ್ಕರು. "ನಿಮ್ಮ ಪುಸ್ತಕ ಸರಿಯಾಗಿಯೇ ಇದೆಯಮ್ಮ. ಅದು ನೇರವಾಗಿಯೇ ಹೋಗುತ್ತೆ. ಗೋಡೆ ಸಿಕ್ಕಾಗ ಮಾತ್ರ ತಿರುಗುತ್ತೆ" ಎಂದರು.

ಆ ಹುಡುಗಿಯ ಪ್ರಶ್ನೆ ಸಣ್ಣದೇನಲ್ಲ. ಲೇಸರ್ ಎಷ್ಟೇ ಬಲಶಾಲಿಯಾಗಿರಲಿ, ಅದರ ಯಂತ್ರವಿರುವುದು ಒಂದು ಕಡೆ, ಕೆಲಸ ಆಗಬೇಕಾದ್ದು ಇನ್ನೊಂದು ಕಡೆ. ನಡುವಿನ ದಾರಿ ಅಂಕುಡೊಂಕು. ಆ ದಾರಿಯಲ್ಲಿ ಬೆಳಕನ್ನು ಸೋರದಂತೆ, ಸುಡದಂತೆ ಕೊಂಡೊಯ್ಯುವ ವಾಹಕ ಇಲ್ಲದಿದ್ದರೆ ಲೇಸರ್ ಇದ್ದೂ ಇಲ್ಲದಂತೆ. ಬೆಳಕಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇದು ಆ ಬೆಳಕನ್ನು ಹೊರುವ ಎಳೆಯ ಕಥೆ.

ನೀರಿನ ಧಾರೆಯಲ್ಲಿ ಸಿಕ್ಕಿಬಿದ್ದ ಬೆಳಕು

1841ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಡೇನಿಯಲ್ ಕೊಲಡಾನ್ ಎಂಬ ವಿಜ್ಞಾನಿ ನೀರಿನ ಧಾರೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ತೊಟ್ಟಿಯ ತೂತಿನಿಂದ ಚಿಮ್ಮಿ ಬಾಗಿ ಬೀಳುವ ಧಾರೆ ದೂರ ಕುಳಿತವರಿಗೂ ಕಾಣಲೆಂದು ಅದರೊಳಕ್ಕೆ ಬೆಳಕು ಹಾಯಿಸಿದ. ಸೋಜಿಗವೆಂದರೆ ಬೆಳಕು ಧಾರೆಯಿಂದ ಹೊರಗೆ ನೇರವಾಗಿ ಚಿಮ್ಮಲಿಲ್ಲ. ನೀರು ಬಾಗಿದಂತೆ ತಾನೂ ಬಾಗಿ, ನೀರು ಬಿದ್ದಲ್ಲಿಯೇ ಹೋಗಿ ಬಿತ್ತು. 1854ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಕೂಡ ಇದೇ ಪ್ರಯೋಗವನ್ನು ಸಭಿಕರಿಗೆ ತೋರಿಸಿದ.

ಇದರ ಗುಟ್ಟು ಹೈಸ್ಕೂಲು ಪುಸ್ತಕದಲ್ಲೇ ಇದೆ. ಬೆಳಕು ನೀರಿನಿಂದ ಗಾಳಿಗೆ ದಾಟುವಾಗ ಬಾಗುತ್ತದೆ. ಇದೇ ವಕ್ರೀಭವನ. ಕಿರಣ ನೀರಿನ ಮೇಲ್ಮೈಗೆ ಹೆಚ್ಚು ಹೆಚ್ಚು ಓರೆಯಾಗಿ ಬಂದಂತೆ ಹೊರಗೆ ಹೋಗುವ ಕಿರಣವೂ ಮೇಲ್ಮೈಗೆ ಹತ್ತಿರ ಹತ್ತಿರ ಬಾಗುತ್ತದೆ. ಮೇಲ್ಮೈಗೆ ಎಳೆದ ಲಂಬರೇಖೆಯಿಂದ ಲೆಕ್ಕ ಹಾಕಿದರೆ, ನೀರಿನಲ್ಲಿ ಸುಮಾರು 49 ಡಿಗ್ರಿ ದಾಟಿತೋ, ಕಿರಣ ಹೊರಗೆ ಹೋಗುವುದೇ ಇಲ್ಲ. ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಆ ಗಡಿಯ ಕೋನಕ್ಕೆ ಕ್ರಾಂತಿಕ ಕೋನವೆಂದೂ, ಮರಳುವಿಕೆಗೆ ಸಂಪೂರ್ಣ ಆಂತರಿಕ ಪ್ರತಿಫಲನವೆಂದೂ ಹೆಸರು.

ಇಲ್ಲಿ 'ಸಂಪೂರ್ಣ' ಎಂಬ ಮಾತನ್ನು ಸುಮ್ಮನೆ ಓದಿ ದಾಟಬೇಡಿ. ಕನ್ನಡಿಯಿಂದಲೂ ಬೆಳಕು ಮರಳುತ್ತದಲ್ಲ, ಒಳಗೆ ಕನ್ನಡಿ ಹಚ್ಚಿದ ಕೊಳವೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಕನ್ನಡಿ ನೂರರಲ್ಲಿ 90 ಪಾಲು ಬೆಳಕನ್ನು ಮರಳಿಸುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಬಾರಿ ಮರಳುವಷ್ಟರಲ್ಲಿ ಉಳಿಯುವುದು 35 ಪಾಲು. ನೂರು ಬಾರಿಯಾದರೆ ಏನೂ ಉಳಿಯಲಿಲ್ಲವೆಂದೇ ಹೇಳಬೇಕು. ಭಾವನ ಚಿಕಿತ್ಸೆಗೆ ಬಳಸುವಂಥ ಎಳೆಯ ತಿರುಳಿನ ದಪ್ಪ ಮಿಲಿಮೀಟರಿನ ಐದನೆಯ ಒಂದು ಭಾಗ. ಅದರೊಳಗೆ 8 ಡಿಗ್ರಿಯಷ್ಟು ಓರೆಯಾಗಿ ಹೊರಟ ಕಿರಣವೊಂದು ಪ್ರತಿ ಮೀಟರಿಗೆ ಸುಮಾರು 700 ಬಾರಿ ಗೋಡೆಗೆ ತಾಗುತ್ತದೆ. 3 ಮೀಟರ್ ಉದ್ದದ ಎಳೆಯಲ್ಲಿ 2,000ಕ್ಕೂ ಹೆಚ್ಚು ಬಾರಿ! ಆದರೂ ಹೆಚ್ಚುಕಡಿಮೆ ಅಷ್ಟೂ ಬೆಳಕು ಇನ್ನೊಂದು ತುದಿ ಮುಟ್ಟುತ್ತದೆ. ಕನ್ನಡಿಗೆ ಸಾಧ್ಯವಾಗದ್ದು ಬರಿಯ ಗಾಜಿಗೆ ಸಾಧ್ಯವಾಗುವುದು ಹೀಗೆ.

ಮೋಗಾದ ಹುಡುಗ, ಮಿಷಿಗನ್ನಿನ ವಿದ್ಯಾರ್ಥಿ

ನೀರಿನ ಧಾರೆಯ ಆಟ ಕೆಲಸದ ಸಾಧನವಾಗಲು ನೂರು ವರ್ಷವೇ ಬೇಕಾಯಿತು. 1930ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹೈನ್ರಿಕ್ ಲಾಮ್ ಎಂಬ ವೈದ್ಯಕೀಯ ವಿದ್ಯಾರ್ಥಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಬಲ್ಬಿನ ತಂತಿಯ ಬಿಂಬವನ್ನು ಸಾಗಿಸಿದ. ಬಿಂಬ ಮಸುಕಾಗಿತ್ತು. ಕೆಲಸ ಅಲ್ಲಿಗೇ ನಿಂತಿತು.

ಮುಂದಿನ ಹೆಜ್ಜೆ ಇಟ್ಟವರಲ್ಲಿ ಒಬ್ಬರು ನಮ್ಮ ದೇಶದವರು. 1926ರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಡೆಹ್ರಾಡೂನಿನಲ್ಲಿ ಓದುತ್ತಿದ್ದಾಗ, ಬೆಳಕು ನೇರವಾಗಿ ಮಾತ್ರ ಚಲಿಸುತ್ತದೆ ಎಂದು ಮೇಷ್ಟ್ರು ಹೇಳಿದರಂತೆ. ಆ ಮಾತು ಹುಡುಗನ ತಲೆಯಲ್ಲಿ ಕೊರೆಯುತ್ತಲೇ ಉಳಿಯಿತು ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರ ಜೊತೆ ದುಡಿದು, ಸಾವಿರಾರು ಎಳೆಗಳ ಬಾಗುವ ಕಟ್ಟಿನ ಮೂಲಕ ಒಳ್ಳೆಯ ಬಿಂಬ ಸಾಗಿಸಿದ ವರದಿಯನ್ನು 1954ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 'ಫೈಬರ್ ಆಪ್ಟಿಕ್ಸ್' ಎಂಬ ಹೆಸರನ್ನು ಲೋಕಕ್ಕೆ ಪರಿಚಯಿಸಿದವರೂ ಅವರೇ. ಕಪಾನಿ 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಆದರೆ ಬರಿಮೈಯ ಎಳೆಗಳಿಗೆ ಒಂದು ದೋಷವಿತ್ತು. ಎರಡು ಎಳೆಗಳು ಒಂದಕ್ಕೊಂದು ತಾಗಿದಲ್ಲಿ, ಬೆರಳಿನ ಜಿಡ್ಡು ಅಂಟಿದಲ್ಲಿ ಬೆಳಕು ಸೋರಿಹೋಗುತ್ತಿತ್ತು. ಪರಿಹಾರ ಹುಡುಕಿದವರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಲ್ಯಾರಿ ಕರ್ಟಿಸ್ ಒಬ್ಬ. ಆತ ಆಗಿನ್ನೂ ಪದವಿ ತರಗತಿಯ ವಿದ್ಯಾರ್ಥಿ! ಹೆಚ್ಚು ವಕ್ರೀಭವನ ಸೂಚ್ಯಂಕವುಳ್ಳ ಗಾಜಿನ ಕಡ್ಡಿಯನ್ನು ಕಡಿಮೆ ಸೂಚ್ಯಂಕದ ಗಾಜಿನ ಕೊಳವೆಯೊಳಗೆ ತೂರಿಸಿ, ಎರಡನ್ನೂ ಒಟ್ಟಿಗೆ ಕಾಯಿಸಿ, ಜೋನಿ ಬೆಲ್ಲದ ಎಳೆಯಂತೆ ಎಳೆದ. ಒಳಗೆ ತಿರುಳು, ಹೊರಗೆ ಹೊದಿಕೆ. ಬೆಳಕು ಈಗ ತಿರುಳು-ಹೊದಿಕೆ ಕೂಡುವ ಗಡಿಯಲ್ಲೇ ಮರಳುತ್ತದೆ. ಹೊದಿಕೆಯನ್ನು ಯಾರು ಮುಟ್ಟಿದರೂ ಒಳಗಿನ ಬೆಳಕಿಗೆ ತೊಂದರೆಯಿಲ್ಲ. ಇದು ನಡೆದದ್ದು 1956ರ ಡಿಸೆಂಬರಿನಲ್ಲಿ. ಮರುವರ್ಷದ ಫೆಬ್ರುವರಿಯಲ್ಲಿ ಅಲ್ಲಿನ ವೈದ್ಯ ಬೇಸಿಲ್ ಹಿರ್ಶೋವಿಟ್ಜ್ ಇಂಥ ಎಳೆಗಳ ಕಟ್ಟನ್ನು ಮೊದಲು ತಾನೇ ನುಂಗಿ ಪರೀಕ್ಷಿಸಿ, ಆಮೇಲೆ ರೋಗಿಯೊಬ್ಬರ ಜಠರದ ಒಳಭಾಗವನ್ನು ನೋಡಿದರು. ಇಂದು ನಾವು 'ಎಂಡೋಸ್ಕೋಪಿ' ಎನ್ನುವ ಪರೀಕ್ಷೆ ಬಾಗುವ ನಳಿಕೆಯಲ್ಲಿ ನಡೆಯತೊಡಗಿದ್ದು ಅಲ್ಲಿಂದ.

ಗಾಜು ಶುದ್ಧವಾದಾಗ

ಇಲ್ಲಿಯವರೆಗೆ ಎಳೆ ಹೊತ್ತದ್ದು ನೋಡಲು ಬೇಕಾದ ಬೆಳಕನ್ನು. ಕೆಲಸ ಮಾಡುವ ಬೆಳಕು ಬಂದದ್ದು 1960ರ ಮೇ 16ರಂದು. ಅಂದು ಅಮೆರಿಕದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣ ಹೊರಡಿಸಿದ. ಬಲ್ಬಿನ ಬೆಳಕು ಜಾತ್ರೆಯ ಜನರಂತೆ ಎಲ್ಲ ದಿಕ್ಕಿಗೂ ಚದುರುತ್ತದೆ. ಎಂಥ ಮಸೂರ ಹಿಡಿದರೂ ಅದನ್ನೆಲ್ಲ ಒಟ್ಟುಗೂಡಿಸಿ ಕೂದಲಿನಷ್ಟು ದಪ್ಪದ ಎಳೆಯೊಳಗೆ ತೂರಿಸಲಾಗದು. ಲೇಸರ್ ಬೆಳಕಾದರೋ ಒಂದೇ ಸಾಲಿನಲ್ಲಿ ನಡೆಯುತ್ತದೆ. ಸಣ್ಣದೊಂದು ಮಸೂರ ಸಾಕು, ಹೆಚ್ಚುಕಡಿಮೆ ಅಷ್ಟೂ ಬೆಳಕು ಎಳೆಯ ಬಾಯಿಗೆ ಇಳಿಯುತ್ತದೆ.

ಹಾಗೆ ಇಳಿದಾಗ ಏನಾಗುತ್ತದೆ ನೋಡಿ. ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪದ ತಿರುಳಿನಲ್ಲಿ 20 ವಾಟ್ ಲೇಸರ್ ಹರಿದರೆ, ಅಲ್ಲಿನ ಬೆಳಕಿನ ತೀವ್ರತೆ ನಡುಹಗಲಿನ ಬಿಸಿಲಿನ ಸುಮಾರು 6 ಲಕ್ಷ ಪಟ್ಟು! ಗಾಜು ಅದರಲ್ಲಿ ಅತ್ಯಲ್ಪ ಪಾಲನ್ನು ಹೀರಿಕೊಂಡರೂ ಕಾದು ಕೆಡುತ್ತದೆ. ಎಳೆಯ ಬಾಯಿಯಲ್ಲಿ ಒಂದು ಧೂಳಿನ ಕಣ ಕೂತರೂ ಸಾಕು, ಅದು ಉರಿದು ಗಾಜಿನ ಮುಖವನ್ನೇ ಸುಟ್ಟುಬಿಡುತ್ತದೆ. ಆದ್ದರಿಂದ ಎಂಡೋಸ್ಕೋಪಿನ ಮಾಮೂಲಿ ಗಾಜು ಇಲ್ಲಿ ನಡೆಯುವುದಿಲ್ಲ. ಬೇಕಾದ್ದು ಅತಿ ಶುದ್ಧ ಗಾಜು.

ಶುದ್ಧ ಗಾಜಿನ ಹುಡುಕಾಟಕ್ಕೆ ದಾರಿ ತೋರಿದ್ದು ಮಾತ್ರ ಟೆಲಿಫೋನು. 1966ರಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ಒಂದು ಮಾತು ಹೇಳಿದರು. ಬೆಳಕು ಗಾಜಿನಲ್ಲಿ ಸೊರಗುವುದು ಗಾಜಿನ ತಪ್ಪಲ್ಲ, ಅದರೊಳಗಿನ ಕಬ್ಬಿಣದಂಥ ಕಲ್ಮಶಗಳ ತಪ್ಪು. ಆಗಿನ ಒಳ್ಳೆಯ ಎಳೆಗಳಲ್ಲೂ 20 ಮೀಟರ್ ಹೋಗುವಷ್ಟರಲ್ಲಿ ನೂರು ಪಾಲು ಬೆಳಕಿನಲ್ಲಿ ಒಂದೇ ಪಾಲು ಉಳಿಯುತ್ತಿತ್ತು. ಅದೇ ಒಂದು ಪಾಲು ಒಂದು ಕಿಲೋಮೀಟರ್ ದೂರದಲ್ಲಿ ಉಳಿದರೆ ಸಾಕು, ಟೆಲಿಫೋನಿಗೆ ಉಪಯೋಗವಾದೀತು ಎಂದು ಅವರು ಗುರಿ ಹಾಕಿಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್ ಮತ್ತು ಪೀಟರ್ ಶುಲ್ಟ್ಜ್ ಆ ಗುರಿ ದಾಟಿದರು. ಇಂದಿನ ಟೆಲಿಫೋನ್ ಎಳೆಗಳಲ್ಲಿ ಆ ಒಂದು ಪಾಲು ಉಳಿಯುವುದು 100 ಕಿಲೋಮೀಟರ್ ಆಚೆ. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು.

ವೈದ್ಯರೂ ಸುಮ್ಮನೆ ಕೂತಿರಲಿಲ್ಲ. 1973ರಲ್ಲಿ ಮ್ಯೂನಿಕ್‌ನಲ್ಲಿ ನಾಥ್, ಗೋರಿಶ್ ಮತ್ತು ಕೀಫ್‌ಹಾಬರ್ ಎಂಬ ಮೂವರು ಎಂಡೋಸ್ಕೋಪಿನೊಳಗೆ ಎಳೆ ತೂರಿಸಿ ಅದರ ಮೂಲಕ ಲೇಸರ್ ಕಿರಣ ಕಳಿಸಿದ ವರದಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಜಠರದ ಹುಣ್ಣಿನಿಂದ ರಕ್ತ ಸೋರುವ ರೋಗಿಗಳಿಗೆ, ಹೊಟ್ಟೆ ಕೊಯ್ಯದೆಯೇ, ಒಳಗಿನಿಂದಲೇ ರಕ್ತನಾಳದ ಬಾಯಿ ಮುಚ್ಚುವ ಚಿಕಿತ್ಸೆ ಬಂತು. ಹೀಗೆ ನೋಡುವ ಎಳೆ ಮತ್ತು ಮಾಡುವ ಎಳೆ ಒಂದೇ ನಳಿಕೆಯೊಳಗೆ ಜೊತೆಯಾದವು.

ಕಲ್ಲಿನ ಎದುರು

ಈಗ ಭಾವನ ಕಲ್ಲಿಗೆ ಬರೋಣ. ಮೂತ್ರಪಿಂಡ ತಲುಪಲು ದೇಹದಲ್ಲಿ ಒಂದು ಸಹಜ ದಾರಿಯಿದೆ. ಮೂತ್ರ ಹೊರಗೆ ಬರುವ ದಾರಿಯಲ್ಲೇ ಹಿಂದಕ್ಕೆ, ಮೂತ್ರಾಶಯ ದಾಟಿ, ಮೂತ್ರನಾಳದಲ್ಲಿ ಮೇಲೇರಿದರೆ ಮೂತ್ರಪಿಂಡ. ಅರಿವಳಿಕೆ ಕೊಟ್ಟು, ಸುಮಾರು 3 ಮಿಲಿಮೀಟರ್ ದಪ್ಪದ ಬಾಗುವ ನಳಿಕೆಯನ್ನು ವೈದ್ಯರು ಈ ದಾರಿಯಲ್ಲಿ ತೂರಿಸುತ್ತಾರೆ. ಅದರಲ್ಲಿ ದೃಶ್ಯ ತೋರಿಸುವ ವ್ಯವಸ್ಥೆಯಿದೆ. ಜೊತೆಗೆ ಒಂದು ಮಿಲಿಮೀಟರಿಗಿಂತ ತುಸು ಅಗಲದ ಖಾಲಿ ಓಣಿಯಿದೆ. ತೊಳೆಯುವ ನೀರೂ ಅದರಲ್ಲೇ, ಲೇಸರ್ ಎಳೆಯೂ ಅದರಲ್ಲೇ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಹೋಲ್ಮಿಯಂ ಲೇಸರ್. ಅದರ ತರಂಗಾಂತರ 2,100 ನ್ಯಾನೋಮೀಟರ್. ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದಕ್ಕೇ ತುದಿ ಎಲ್ಲಿದೆ ಎಂದು ತಿಳಿಯಲು ಅದೇ ಎಳೆಯಲ್ಲಿ ಮಂದವಾದ ಕೆಂಪು ಅಥವಾ ಹಸಿರು ಬೆಳಕನ್ನೂ ಕಳಿಸುತ್ತಾರೆ. ಕಲ್ಲೊಡೆಯುವ ಬೆಳಕು ಸತತವಾಗಿ ಹರಿಯುವುದಿಲ್ಲ, ಮಿಡಿತ ಮಿಡಿತವಾಗಿ ಬರುತ್ತದೆ. ಒಂದೊಂದು ಮಿಡಿತದ ಶಕ್ತಿ ಒಂದು ಜೂಲ್‌ನ ಆಸುಪಾಸು, ಅಂದರೆ 100 ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಬೇಕಾದಷ್ಟು. ಆದರೆ ಅಷ್ಟೂ ಶಕ್ತಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಜಾಗಕ್ಕೆ ಬೀಳುತ್ತದೆ. ಕಲ್ಲಿನ ಆ ಬಿಂದು ತಟ್ಟನೆ ಕಾದು ಒಡೆದು ಪುಡಿಯಾಗುತ್ತದೆ.

ಈ ಬೆಳಕನ್ನು ನೀರು ಬಲು ಬೇಗ ಹೀರಿಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ನೀರು ದಾಟುವಷ್ಟರಲ್ಲೇ ಅದರ ಬಹುಪಾಲು ಮುಗಿದಿರುತ್ತದೆ. ಹಾಗಾದರೆ ಸುತ್ತಲೂ ನೀರಿರುವಾಗ ಅದು ಕಲ್ಲು ಮುಟ್ಟುವುದು ಹೇಗೆ? ಮಿಡಿತದ ಮೊದಲ ಪಾಲು ಎಳೆಯ ತುದಿಯ ಮುಂದಿನ ನೀರನ್ನು ಆವಿ ಮಾಡಿ ಪುಟ್ಟ ಗುಳ್ಳೆ ಎಬ್ಬಿಸುತ್ತದೆ. ಉಳಿದ ಪಾಲು ಆ ಗುಳ್ಳೆಯ ಮೂಲಕ ಕಲ್ಲಿಗೆ ಬಡಿಯುತ್ತದೆ. ಪಶ್ಚಿಮದವರು ಇದಕ್ಕೆ ಕಡಲು ಸೀಳಿದ ಮೋಸೆಸನ ಹೆಸರಿಟ್ಟಿದ್ದಾರೆ. ನಮಗೆ ವಸುದೇವನಿಗೆ ದಾರಿ ಬಿಟ್ಟ ಯಮುನೆಯ ನೆನಪಾದರೆ ಅದೂ ಸರಿಯೇ. ಅದೇ ನೀರು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಕಲ್ಲಿನ ಪಕ್ಕದ ಮೃದು ಅಂಗಾಂಶ ಒಂದೆರಡು ಮಿಲಿಮೀಟರ್ ದೂರವಿದ್ದರೆ ಸಾಕು, ನೀರೇ ಅದಕ್ಕೆ ಗುರಾಣಿ.

ಇದರರ್ಥ ಅಪಾಯವೇ ಇಲ್ಲವೆಂದಲ್ಲ. ಎಳೆಯನ್ನು ಮಿತಿಮೀರಿ ಬಗ್ಗಿಸಿದರೆ ಆ ತಿರುವಿನಲ್ಲಿ ಕಿರಣ ಕ್ರಾಂತಿಕ ಕೋನದೊಳಗೆ ಬಂದು ಹೊದಿಕೆ ದಾಟಿ ಸೋರುತ್ತದೆ. ಸೋರಿದ್ದು ಸುಡುತ್ತದೆ. ಎಳೆಯ ತುದಿ ನಳಿಕೆಯಿಂದ ಹೊರಗೆ ಚಾಚಿದ ಮೇಲೆಯೇ ಲೇಸರ್ ಚಾಲೂ ಮಾಡಬೇಕು. ಇಲ್ಲವಾದರೆ ಲಕ್ಷಗಟ್ಟಲೆ ಬೆಲೆಯ ನಳಿಕೆ ಹಾಳು. ಇದೆಲ್ಲ ವೈದ್ಯರ ಕೈಚಳಕಕ್ಕೆ ಬಿಟ್ಟದ್ದು. ಎಲ್ಲ ಕಲ್ಲಿಗೂ ಲೇಸರ್ ಬೇಕಿಲ್ಲ ಎಂಬುದನ್ನೂ ನೆನಪಿಡಿ. ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಬಹಳಷ್ಟು ವೇಳೆ ತಾವಾಗಿಯೇ ಹೊರಬೀಳುತ್ತವೆ. ಬೋರ್ಡಿನ ಮೇಲೆ 'ಲೇಸರ್' ಎಂದು ಕಂಡ ಮಾತ್ರಕ್ಕೆ ಮರುಳಾಗದೆ, ತಮಗೆ ಅದು ಏಕೆ ಬೇಕು ಎಂದು ಕೇಳಿ ತಿಳಿಯುವ ಹಕ್ಕು ರೋಗಿಗಿದೆ.

ಬೆಳಕಿಗೆ ತಕ್ಕ ದಾರಿ

ಒಂದೇ ಬಗೆಯ ಎಳೆ ಎಲ್ಲ ಲೇಸರ್‌ಗೂ ಒಗ್ಗುವುದಿಲ್ಲ. ಹಸಿರಿನಿಂದ ಹಿಡಿದು ಹೋಲ್ಮಿಯಂವರೆಗಿನ ಬೆಳಕಿಗೆ ಸಿಲಿಕಾ ಗಾಜು ರಾಜಮಾರ್ಗ. ಸಕ್ಕರೆ ಕಾಯಿಲೆಯಿಂದ ಕೆಟ್ಟ ಅಕ್ಷಿಪಟಲಕ್ಕೆ ಕಣ್ಣಿನ ವೈದ್ಯರು ಹಾಕುವ ಹಸಿರು ಲೇಸರ್ ಕೂಡ ಯಂತ್ರದಿಂದ ಇಂಥ ಎಳೆಯಲ್ಲೇ ಬರುತ್ತದೆ. ಆದರೆ ಇಂಗಾಲದ ಡೈ ಆಕ್ಸೈಡ್ ಲೇಸರ್‌ನ ಕಥೆ ಬೇರೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದ ಈ ಲೇಸರ್‌ನ ತರಂಗಾಂತರ 10,600 ನ್ಯಾನೋಮೀಟರ್. ನಮ್ಮ ಕಣ್ಣಿಗೆ ತಿಳಿಯಾಗಿ ಕಾಣುವ ಗಾಜು ಈ ಬೆಳಕಿಗೆ ಕಲ್ಲುಗೋಡೆ. ಗಂಟಲಿನ ಶಸ್ತ್ರಚಿಕಿತ್ಸೆಯಂಥ ಕೆಲಸಕ್ಕೆ ಇದನ್ನು ಕೀಲುಕೀಲಿನ ಲೋಹದ ತೋಳಿನಲ್ಲಿ ಸಾಗಿಸುತ್ತಾರೆ. ಪ್ರತಿ ಕೀಲಿನಲ್ಲೂ ಒಂದೊಂದು ಕನ್ನಡಿ. ಕೀಲುಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಬೆಳಕಿನ ನಷ್ಟ ಸಹಿಸಬಹುದು. ಆದರೆ ಆ ತೋಳು ಮೂತ್ರನಾಳದೊಳಗೆ ಹೋಗಲಾರದು. ಅದಕ್ಕಾಗಿ ಒಳಗೋಡೆಗೆ ವಿಶೇಷ ಲೇಪನವಿರುವ ಟೊಳ್ಳು ಎಳೆಗಳನ್ನೂ ಮಾಡಿದ್ದಾರೆ.

ಟೊಳ್ಳು ಎಳೆಗಳಲ್ಲೇ ಇನ್ನೊಂದು ಜಾತಿ 1999ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಫಿಲಿಪ್ ರಸೆಲ್ ಅವರ ತಂಡ ಜೇನುಗೂಡಿನಂತೆ ತೂತುಗಳಿರುವ ಗಾಜಿನ ಎಳೆ ಮಾಡಿ, ನಡುವಿನ ಟೊಳ್ಳಿನಲ್ಲಿ, ಅಂದರೆ ಗಾಳಿಯಲ್ಲೇ, ಬೆಳಕನ್ನು ಹಿಡಿದಿಟ್ಟಿತು. ಬೆಳಕು ಗಾಜನ್ನು ಹೆಚ್ಚು ಮುಟ್ಟುವುದೇ ಇಲ್ಲವಾದ್ದರಿಂದ, ಗಾಜನ್ನು ಒಡೆದುಬಿಡುವಂಥ ಅತಿ ತೀವ್ರ ಮಿಡಿತಗಳಿಗೂ ಇಲ್ಲಿ ದಾರಿ ಉಂಟು.

ದಾರಿಯೇ ದೀಪವಾಗುವುದೂ ಉಂಟು. ಗಾಜಿನ ತಿರುಳಿಗೆ ಇಟರ್ಬಿಯಂ ಎಂಬ ಅಪರೂಪದ ಧಾತುವನ್ನು ಚಿಟಿಕೆಯಷ್ಟು ಬೆರೆಸಿದರೆ ಎಳೆಯೊಳಗೇ ಲೇಸರ್ ಹುಟ್ಟುತ್ತದೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಉಕ್ಕಿನ ತಗಡನ್ನು ಕಾಗದದಂತೆ ಕತ್ತರಿಸುವ ಫೈಬರ್ ಲೇಸರ್ ಯಂತ್ರಗಳನ್ನು ನೀವು ನೋಡಿರಬಹುದು. ಸಾವಿರಾರು ವಾಟ್ ಬೆಳಕು ಅಲ್ಲಿ ಹರಿದು ಬರುವುದು ಕೂದಲಿನಷ್ಟು ದಪ್ಪದ ತಿರುಳಿನಲ್ಲಿ. ಈಚಿನ ವರ್ಷಗಳಲ್ಲಿ ಕಿಡ್ನಿ ಕಲ್ಲಿಗೂ ಥುಲಿಯಂ ಬೆರೆಸಿದ ಇಂಥದೇ ಲೇಸರ್ ಬಂದಿದೆ. ಅದರ ಬೆಳಕು ಇನ್ನೂ ತೆಳ್ಳಗಿನ ಎಳೆಯಲ್ಲಿ ಸಾಗಬಲ್ಲದು. ಎಳೆ ತೆಳುವಾದಷ್ಟೂ ನಳಿಕೆ ಹೆಚ್ಚು ಬಾಗುತ್ತದೆ, ಮೂಲೆಯ ಕಲ್ಲೂ ಕೈಗೆ ಸಿಗುತ್ತದೆ.

ಮನುಷ್ಯ ಕಾಲಿಡಬಾರದ ಜಾಗಕ್ಕೂ ಈ ಎಳೆ ಹೋಗಬಲ್ಲದು. ಅಣು ವಿದ್ಯುತ್ ಸ್ಥಾವರದ ಹಳೆಯ ಕೊಳವೆಗಳನ್ನು ಬದಲಿಸುವಾಗ ಅಲ್ಲಿ ವಿಕಿರಣದ ಭಯವಿರುತ್ತದೆ. ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರ ರೂಪಿಸಿದ ಲೇಸರ್‌ನಲ್ಲಿ ಯಂತ್ರ ದೂರವೇ ಉಳಿಯುತ್ತದೆ, ಎಳೆಯ ತುದಿ ಮಾತ್ರ ಒಳಗೆ ಹೋಗಿ ಲೋಹ ಕತ್ತರಿಸುತ್ತದೆ. ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ಇದನ್ನು ಬಳಸಿದ್ದಾರೆ. ನಮ್ಮ ಕೈಗಾದಲ್ಲಿರುವುದೂ ಅದೇ ಜಾತಿಯ ರಿಯಾಕ್ಟರುಗಳು. ಆ ಕೇಂದ್ರಕ್ಕೆ ಹೆಸರು ಕೊಟ್ಟ ರಾಜಾ ರಾಮಣ್ಣ ಹುಟ್ಟಿದ್ದು ನಮ್ಮ ತುಮಕೂರಿನಲ್ಲಿ.

ಮನೆಗೆ ಬಂದ ಎಳೆ, ಕಣ್ಣಿಗೊಂದು ಎಚ್ಚರ

ಇಂದು ಅನೇಕ ಮನೆಗಳಿಗೆ ಇಂಟರ್‌ನೆಟ್ ಬರುವುದು ಗಾಜಿನ ಎಳೆಯಲ್ಲೇ. ಅದರಲ್ಲಿ ಹರಿಯುವುದೂ ಲೇಸರ್ ಬೆಳಕೇ, ಆದರೆ ಬಲ ಬಹಳ ಕಡಿಮೆ. ಹಾಗೆಂದು ಕೇಬಲ್ ತುಂಡಾದಾಗ ಅದರ ತುದಿಯನ್ನು ಕಣ್ಣಿಗೆ ಹಿಡಿದು 'ಬೆಳಕು ಬರ್ತಿದೆಯಾ' ಎಂದು ನೋಡಬಾರದು. ಅವಕೆಂಪು ಬೆಳಕು ಕಾಣುವುದಿಲ್ಲ, ಕಾಣದ ಕಾರಣ ಕಣ್ಣು ರೆಪ್ಪೆ ಮುಚ್ಚಿ ತನ್ನನ್ನು ಕಾಪಾಡಿಕೊಳ್ಳುವುದೂ ಇಲ್ಲ. ತುಂಡಾದ ಗಾಜಿನ ಚೂರು ಬೆರಳಿಗೆ ಚುಚ್ಚಿದರೆ ಹುಡುಕಿ ತೆಗೆಯುವುದೂ ಕಷ್ಟ. ಆಸ್ಪತ್ರೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಲೇಸರ್ ಬಳಿ ದುಡಿಯುವವರು ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕವನ್ನೇ ಹಾಕಿಕೊಳ್ಳಬೇಕು. ಒಂದು ಲೇಸರ್‌ನ ಕನ್ನಡಕ ಇನ್ನೊಂದಕ್ಕೆ ಆಗದು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಲೇಸರ್ ಟಾರ್ಚು ಆಟಿಕೆಯಲ್ಲ ಎಂಬುದನ್ನು ಪೋಷಕರು ಮರೆಯಬಾರದು. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಬಲವನ್ನು ನಂಬುವಂತಿಲ್ಲ.

ಈ ವಿಷಯವನ್ನೇ ಓದಬೇಕೆನ್ನುವ ಮಕ್ಕಳಿಗೆ ಫೋಟಾನಿಕ್ಸ್ ಎಂಬ ವಿಭಾಗವಿದೆ. ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸುವ ಪ್ರತ್ಯೇಕ ಶಾಲೆಯೇ ಉಂಟು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಗಟ್ಟಿಯಾಗಿದ್ದರೆ ಬಿ.ಎಸ್ಸಿ. ಮೂಲಕವೂ ಎಂಜಿನಿಯರಿಂಗ್ ಮೂಲಕವೂ ಇಲ್ಲಿಗೆ ಬರಬಹುದು. ಡಿಪ್ಲೊಮಾ ಓದಿದವರಿಗೂ ಎಳೆ ಬೆಸೆಯುವ, ಲೇಸರ್ ಯಂತ್ರ ನಡೆಸುವ ಕೆಲಸಗಳಿವೆ.

ಮಾಡಿ ನೋಡಿ

ಅಷ್ಟರವರೆಗೆ ಕೊಲಡಾನನ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಒಂದು ಲೀಟರಿನ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳದಿಂದ ನಾಲ್ಕು ಬೆರಳು ಮೇಲೆ 4-5 ಮಿಲಿಮೀಟರಿನ ನುಣುಪಾದ ತೂತು ಮಾಡಿ. ತೂತನ್ನು ಬೆರಳಿನಿಂದ ಮುಚ್ಚಿ ನೀರು ತುಂಬಿ, ಬಿರಡೆ ಬಿಗಿಯಾಗಿ ತಿರುಗಿಸಿ. ಬಿರಡೆ ಬಿಗಿಯಿದ್ದಷ್ಟು ಹೊತ್ತು ನೀರು ಹೆಚ್ಚು ಸೋರದು. ಟಾರ್ಚಿನ ಮುಖಕ್ಕೆ ಸಣ್ಣ ರಂಧ್ರವಿರುವ ಕಪ್ಪು ಕಾಗದ ಅಂಟಿಸಿ, ಬಾಟಲಿಯ ಹಿಂಬದಿಯಿಂದ ತೂತಿಗೆ ನೇರವಾಗಿ ಹಿಡಿಯಿರಿ. ಕೋಣೆ ಕತ್ತಲಾಗಿರಲಿ. ಕೆಳಗೊಂದು ಬಕೆಟ್ ಇಟ್ಟು ಬಿರಡೆ ಸಡಿಲಿಸಿ. ಧಾರೆ ಬೀಳುವಲ್ಲಿ ಅಂಗೈ ಒಡ್ಡಿದರೆ ಬೆಳಕಿನ ಬೊಟ್ಟು ಅಂಗೈಗೇ ಬೀಳುತ್ತದೆ. ನೀರು ಕಡಿಮೆಯಾಗಿ ಧಾರೆ ತುಂಬ ಬಾಗಿದಾಗ ಬೆಳಕು ಮಸುಕಾಗುವುದನ್ನೂ ಗಮನಿಸಿ. ಮಿತಿಮೀರಿ ಬಗ್ಗಿದ ಎಳೆಯಲ್ಲಿ ಬೆಳಕು ಸೋರುವುದೂ ಹೀಗೆಯೇ. ಲೇಸರ್ ಟಾರ್ಚು ಬೇಡ, ಮಾಮೂಲಿ ಟಾರ್ಚೇ ಸಾಕು.

ಅಕ್ಕನ ಮಗಳು ಅಂದು ಸಂಜೆಯೇ ಹಿತ್ತಿಲ ಬಾಗಿಲು ಮುಚ್ಚಿ, ದೀಪ ಆರಿಸಿ ಇದನ್ನು ಮಾಡಿದಳು. ಅಂಗೈ ಒಡ್ಡಲು ಕೂರಿಸಿದ್ದು ಅಜ್ಜನನ್ನು. ಬಿರಡೆ ಸಡಿಲಿಸಿದಾಗ ನೀರಿನ ಧಾರೆ ಬಾಗಿ ಬಂದು, ಅದರ ಬೆನ್ನಿಗೇ ಬೆಳಕೂ ಬಂದು, ಅವರ ಸುಕ್ಕುಗಟ್ಟಿದ ಅಂಗೈಯಲ್ಲಿ ಮಿನುಗಿತು. ಅಜ್ಜ ಕೈ ಆಚೀಚೆ ಸರಿಸಿ ಎರಡು ಬಾರಿ ಪರೀಕ್ಷಿಸಿದರು.

"ಇದೇ ಏನೇ ನಿಮ್ಮಪ್ಪನ ಹೊಟ್ಟೆಯೊಳಗೆ ಹೋಗಿದ್ದು?"

"ಹೂಂ ಅಜ್ಜ. ನೀರಿನ ಬದಲು ಗಾಜು, ಟಾರ್ಚಿನ ಬದಲು ಲೇಸರ್ ಅಷ್ಟೇ."

ಅಜ್ಜ ಇನ್ನೊಂದು ಕೈಯಿಂದ ತಮ್ಮ ಪಕ್ಕೆಯ ಹಳೆಯ ಹೊಲಿಗೆಯನ್ನು ಸವರಿಕೊಂಡು, "ಇನ್ನೊಂದ್ಸಲ ತುಂಬು, ನೋಡೋಣ" ಎಂದರು.